ನೆವಿಲ್ ಬರೆದ ಹಾಡು, ಕ್ಲೈಡ್ ಬೊಮಾಂಟನ ಹೆಸರು

ನೆವಿಲ್ ಬೂತ್ರಾಯ್ಡ್ ಗಿಟಾರ್ ನುಡಿಸಿ ಹೆಸರು ಮಾಡಲೇಬೇಕೆಂದು ಹಟ ಹಿಡಿದು ಲಂಡನ್ನಿಗೆ ಹೋದದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ. ಹನ್ನೊಂದು ತಿಂಗಳಿದ್ದ. ಅವನ ತಂಡದ್ದೊಂದು ರೆಕಾರ್ಡೂ ಹೊರಬಂತು. ಅದನ್ನು ಕೊಂಡವರಲ್ಲಿ ಅರ್ಧ ಜನ ಅವನ ಅಮ್ಮನ ಕಡೆಯ ನೆಂಟರು. ಡ್ರಮ್ ಬಾರಿಸುವವನು ಮದುವೆಯಾದ, ಹಾಡುವವನು ಕೈಕೊಟ್ಟ, ನೆವಿಲ್ ಗಿಟಾರನ್ನು ಬೆನ್ನಿಗೇರಿಸಿಕೊಂಡು ಯಾರ್ಕ್‌ಷೈರಿನ ತನ್ನ ಗಣಿ ಊರು ಹಾಲ್‌ಗೇಟಿಗೆ ವಾಪಸು ಬಂದ. ಬಾಟಲಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸೋತು ಬಂದೆನೆಂದು ಅವನಿಗೆ ಅನ್ನಿಸಲೇ ಇಲ್ಲ ಎಂದರೆ ಸುಳ್ಳಾದೀತು. ಒಂದು ವಾರ ಅನ್ನಿಸಿತು. ಅಷ್ಟರಲ್ಲಿ ಭಾನುವಾರ ಬಂತು, ಕ್ಲಬ್ಬಿನಲ್ಲಿ ನುಡಿಸಲು ಕರೆದರು.

ಹಾಲ್‌ಗೇಟ್ ಕಾರ್ಮಿಕರ ಕ್ಲಬ್ಬಿನಲ್ಲಿ ಭಾನುವಾರ ಮಧ್ಯಾಹ್ನ ನುಡಿಸುವುದು ಹುಡುಗಾಟವಲ್ಲ. ಮನೆಯಲ್ಲಿ ಮಾಂಸ ಬೇಯುವವರೆಗೆ ಕೂರಲು ಒಂದು ಜಾಗ ಬೇಕು, ಅದಕ್ಕೆ ಜನ ಬರುತ್ತಾರೆ. ಹಾಡು ಅರ್ಧದಲ್ಲಿದ್ದರೂ ಸರಿಯೆ, ಕಾರ್ಯಕ್ರಮದ ಕಾರ್ಯದರ್ಶಿ ಹೊರೇಸ್ ಕ್ಲೆಗ್ ಮೂಲೆಯ ಮೈಕಿನಲ್ಲಿ "ಬಿಸಿ ಮಾಂಸದ ಪೈ ಬಂದಿವೆ" ಎಂದರೆ ನಿಲ್ಲಿಸಬೇಕು. ಇನ್ನೊಂದು ಪದ್ಧತಿ ಅದಕ್ಕಿಂತ ಗಟ್ಟಿ. "ಮುಂದಿನದು ನಾನೇ ಬರೆದದ್ದು" ಎಂದು ಹಾಡುವವನು ಬಾಯಿಬಿಟ್ಟ ಕೂಡಲೇ ಇಡೀ ಸಭೆ ಎದ್ದು ಬಿಯರಿಗೆ ಸಾಲು ನಿಲ್ಲುತ್ತದೆ. ಅವನ ಮೇಲೆ ಯಾರಿಗೂ ಸಿಟ್ಟಿಲ್ಲ. ಬಿಯರ್ ತರಲು ಅದೇ ಹೊತ್ತು, ಅಷ್ಟೆ.

ಆ ವರ್ಷ ನೆವಿಲ್ ಒಂದು ಹಾಡು ಬರೆದಿದ್ದ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಗ್ಲೆನಿಸ್ ಎಂಬ ಹುಡುಗಿ ನೀಲಿ ಕೋಟು ತೊಟ್ಟು, ಮಳೆಯಲ್ಲಿ ನೆನೆಯುತ್ತ, ನೆವಿಲ್ ಇನ್ನೂ ಬರಲಿಲ್ಲವೆಂದು ಮೂರು ಬಸ್ಸು ಹತ್ತದೆ ಬಿಟ್ಟಿದ್ದಳು. ಅದರದ್ದೇ ಹಾಡು. ಅದು ಬಿಯರಿನ ಸಾಲಿನ ಗದ್ದಲದಲ್ಲಿ ಮುಳುಗಿ ಹೋಗುವುದನ್ನು ನೋಡಲು ಅವನಿಗೆ ಮನಸ್ಸಾಗಲಿಲ್ಲ. ಮೈಕಿನೆದುರು ನಿಂತವನು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಇದು ಅಮೆರಿಕದ ಕ್ಲೈಡ್ ಬೊಮಾಂಟ್ ಹಾಡಿದ್ದು. ಪಾಪ, ಚಿಕ್ಕ ವಯಸ್ಸಿಗೇ ಹೋಗ್ಬಿಟ್ಟ."

ಒಬ್ಬರೂ ಏಳಲಿಲ್ಲ. ಮುಂದಿನ ವಾರ ಅವರೇ ಕೇಳಿ ಹಾಡಿಸಿಕೊಂಡರು. ಅಲ್ಲಿಂದ ಇಪ್ಪತ್ತೈದು ವರ್ಷ, ಊರಿನ ಮದುವೆಗೂ ಅದೇ ಹಾಡು, ಸಾವಿಗೂ ಅದೇ ಹಾಡು. ನೆವಿಲ್ ಬೇರೆ ಇನ್ನೂರು ಹಾಡು ಬರೆದ. ಅವನ್ನು ಹಾಡುವ ಹೊತ್ತಿನಲ್ಲಿ ಬಿಯರ್ ಚೆನ್ನಾಗಿ ಖರ್ಚಾಯಿತು.

ಅವನನ್ನು ಮದುವೆಯಾದ ಗ್ಲೆನಿಸ್ ಮಾತ್ರ ಆ ಸುಳ್ಳನ್ನು ಮರೆಯಲಿಲ್ಲ. "ನೆನೆದೋಳು ನಾನು, ಶೀತ ಆಗಿದ್ದು ನಂಗೆ, ಹೆಸರು ಆ ಅಮೆರಿಕದೋನಿಗಾ?" ಎಂದು ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಏನು ಬೇಕು ಎಂದು ನೆವಿಲ್ ಕೇಳಿದಾಗ ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿ ತಿರುಗಿದಳು.

"ಬೆಳ್ಳಿಗಿಳ್ಳಿ ಏನೂ ಬೇಡ. ಭಾನುವಾರ ಕ್ಲಬ್ಬಲ್ಲಿ ಎಲ್ಲರೆದುರು ಆ ಕೋಟು ನಂದು ಅಂತ ಹೇಳು. ಸಾಕು."

"ಎಲ್ಲಾರೂ ಎದ್ದು ಹೋಗ್ತಾರೆ ಕಣೇ."

"ಹೋಗ್ಲಿ. ನಾನು ಕೂತಿರ್ತೀನಿ."

ಆ ಭಾನುವಾರ ಬಂತು. ನೆವಿಲ್ ಮೈಕನ್ನು ಎರಡು ಸಲ ಸರಿಮಾಡಿ, ಗಂಟಲು ಸರಿಮಾಡಿ, ಹೇಳಿಯೇಬಿಟ್ಟ. ಕ್ಲೈಡ್ ಬೊಮಾಂಟ್ ಎಂಬ ಮನುಷ್ಯ ಹುಟ್ಟೇ ಇಲ್ಲ, ಹಾಡು ಬರೆದವನು ತಾನು, ಹಾಡಿನ ಹುಡುಗಿ ಅಲ್ಲಿ ಕೂತಿರುವ ತನ್ನ ಹೆಂಡತಿ.

ಯಾರೂ ಬಿಯರಿಗೆ ಏಳಲಿಲ್ಲ. ಯಾರೂ ನಂಬಲೂ ಇಲ್ಲ.

"ತಿಕ್ಕಲು ತಿಕ್ಕಲಾಗಿ ಮಾತಾಡ್ಬೇಡ ನೆವಿಲ್," ಎಂದ ಹೊರೇಸ್ ತನ್ನ ಮೈಕಿನಿಂದ. "ಕ್ಲೈಡ್‌ನ ನಾನು ಶೆಫೀಲ್ಡಲ್ಲಿ ಕಣ್ಣಾರೆ ನೋಡಿದೀನಿ."

"ಅವನು ಸತ್ತಿದ್ದ ಅಂತ ನಾನೇ ಹೇಳಿದ್ನಲ್ಲೋ."

"ಸಾಯೋಕೆ ಮುಂಚೆ ನೋಡಿದ್ದು."

"ನಮ್ಮಣ್ಣನ ಹತ್ರ ಅವನ ರೆಕಾರ್ಡ್ ಇತ್ತು, ಕೆಂಪು ಲೇಬಲ್ಲು," ಎಂದು ಹಿಂದಿನಿಂದ ಒಬ್ಬ ಕೂಗಿದ. "ಸತ್ತೋನ ಹಾಡು ಹೊಡ್ಕೊಳ್ಳೋಕೆ ನಾಚಿಕೆ ಆಗಲ್ವೇನೋ?"

ಸುಳ್ಳು ಹೇಳಿದಾಗ ಒಪ್ಪಿಕೊಂಡ ಜನ ನಿಜಕ್ಕೆ ಸಾಕ್ಷಿ ಕೇಳುತ್ತಿದ್ದರು. ಗ್ಲೆನಿಸಿಗೆ ಕೊಡಬೇಕಿದ್ದ ಒಂದೇ ಒಂದು ಉಡುಗೊರೆ ಕಣ್ಣೆದುರೇ ನಗೆಪಾಟಲಾಗುತ್ತಿತ್ತು. ನೆವಿಲನಿಗೆ ಅಳು ಬರುವಂತಾಯಿತು.

ಗ್ಲೆನಿಸ್ ಎದ್ದು ನಿಂತಳು. "ಹೊರೇಸ್, ಎರಡನೇ ಬಸ್ಸಿನ ಡ್ರೈವರು ನನ್ನ ನೋಡಿ ನಗ್ತಾನೆ ಅಂತ ಹಾಡಲ್ಲಿದೆ ತಾನೆ? ಆ ಬಸ್ಸು ಆಗ ಓಡಿಸ್ತಿದ್ದೋರು ಯಾರು?"

ಆಗ ಹೊರೇಸನೇ ಆ ಬಸ್ಸಿನ ಡ್ರೈವರಾಗಿದ್ದ, ಮಳೆಯಲ್ಲಿ ನೆಂದ ಗ್ಲೆನಿಸಳನ್ನು ನೋಡಿ ನಕ್ಕವನೂ ಅವನೇ. ಸಭೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು.

ಆದರೂ ಕ್ಲಬ್ಬೆಂದರೆ ಕ್ಲಬ್ಬು. ಸಮಿತಿ ಸೇರದೆ ಅಲ್ಲಿ ಕುರ್ಚಿಯೂ ಅಲುಗುವುದಿಲ್ಲ. ಐದು ಜನ ಹೊರೇಸನ ಮೂಲೆಯಲ್ಲಿ ತಲೆ ಸೇರಿಸಿ ಪಿಸುಗುಟ್ಟಿದರು. ನೆವಿಲ್ ಗಿಟಾರ್ ಹಿಡಿದು ಪರೀಕ್ಷೆಗೆ ಕೂತವನಂತೆ ಕಾದ.

"ಸಮಿತಿ ತೀರ್ಮಾನ," ಎಂದು ಹೊರೇಸ್ ಓದಿದ. "ಈ ಕಟ್ಟಡದ ಒಳಗೆ ಹಾಡು ನೆವಿಲಂದು. ಹೊರಗಿನ ವಿಷಯ ನಮಗೆ ಸಂಬಂಧಿಸಿದ್ದಲ್ಲ. ಹಾಡಪ್ಪಾ."

ಅವನು ಹಾಡಿದ. ಎರಡನೇ ಬಸ್ಸು ಬಂದಾಗ ಇಡೀ ಸಭೆ ಹೊರೇಸನತ್ತ ಕೈ ತೋರಿಸಿ ಹಾಡಿತು, ಅವನೂ ಕೆಂಪಾಗಿ ದನಿಗೂಡಿಸಿದ. ಅಷ್ಟು ಚೆನ್ನಾಗಿ ನೆವಿಲ್ ಜನ್ಮದಲ್ಲಿ ನುಡಿಸಿರಲಿಲ್ಲ.

ಚಪ್ಪಾಳೆ ನಿಂತ ಮೇಲೆ ಎಡ್ನಾ ಶಾ ಎಂಬ ಮುದುಕಿ ಕೋಲೂರಿಕೊಂಡು ಗ್ಲೆನಿಸಳ ಮೇಜಿಗೆ ಬಂದಳು. ಅವಳ ಗಂಡ ರಾನ್ ನಡುವಯಸ್ಸಿನಲ್ಲಿ ತನ್ನನ್ನು ಮದುವೆಯಾಗುತ್ತೀಯಾ ಎಂದು ಅವಳನ್ನು ಕೇಳಿದ್ದು ಆ ಹಾಡು ಮುಗಿದಾಗಲೇ. ಅವನನ್ನು ಮಣ್ಣು ಮಾಡಿದ ದಿನ ಹಾಡಿದ್ದೂ ಅದನ್ನೇ. ಎಡ್ನಾ ಗ್ಲೆನಿಸಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆ ಕೋಟಿನೋಳು ನೀನೇನಮ್ಮಾ? ಅಮೆರಿಕದ ಹುಡುಗಿ ಅಂದ್ಕೊಂಡಿದ್ದೆ. ಹೊಂಬಣ್ಣದ ಕೂದಲು ಅಂತ ನಾನೂ ರಾನೂ ಮಾತಾಡ್ಕೋತಿದ್ವಿ."

"ಆಗ ನಂಗೆ ಇದ್ದಿದ್ದು ಅದೇ ಬಣ್ಣ," ಎಂದಳು ಗ್ಲೆನಿಸ್. ಎಡ್ನಾ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಮನೆಯಲ್ಲಿ ಮಾಂಸ ಸೀದುಹೋಗುವವರೆಗೂ ಇಬ್ಬರೂ ಏಳಲಿಲ್ಲ.