ಕೆಂಪತ್ತೆ ಎಣ್ಣೆ ಹಚ್ಚುತ್ತಿದ್ದ ಬಾಕು

ಮೊನ್ನೆ ಪಕ್ಕದ ಮನೆಯಲ್ಲಿ ಬಾಣಂತಿಗೆಂದು ಯಾರೋ ಹರಳೆಣ್ಣೆ ಕಾಯಿಸುತ್ತಿದ್ದರು. ಆ ಮಂದವಾದ, ಗಂಟಲಿಗೆ ಅಂಟುವಂಥ ವಾಸನೆ ಕಿಟಕಿಯಿಂದ ಬಂದದ್ದೇ, ಒಲೆಯ ಮೇಲೆ ಹಾಲಿಟ್ಟಿದ್ದನ್ನು ಮರೆತು ನಾನು ಹುಲಿಕೆರೆಯ ನಮ್ಮ ಹೆಂಚಿನ ಮನೆಗೆ ಹೋಗಿಬಿಟ್ಟೆ. ಈಗ ಆ ಮನೆ ಇಲ್ಲ. ಅಲ್ಲಿ ಯಾರೋ ಕೊಬ್ಬರಿ ಗೋದಾಮು ಕಟ್ಟಿಸಿದ್ದಾರೆ. ನಿಮಗೂ ಅಂಥ ಒಂದು ಮನೆ ಇದ್ದಿರಬಹುದು, ವಾಸನೆಯಲ್ಲಿ ಮಾತ್ರ ಉಳಿದದ್ದು. ನಾನು ಹುಟ್ಟಿದ ವರ್ಷವೇ ಅವ್ವ ತೀರಿಕೊಂಡಳು. ಅಪ್ಪನಿಗೆ ಅರಸೀಕೆರೆಯಲ್ಲಿ ರೈಲ್ವೆ ಕೆಲಸ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ನನ್ನನ್ನು ಸಾಕಿದವಳು ಅಪ್ಪನ ಅಕ್ಕ ಕೆಂಪತ್ತೆ. ಮದುವೆಯಾದ ಮಾರನೇ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳು ರಾಗಿ ಬೀಸುವ ಸದ್ದು ನಿಂತರೆ ಮನೆಯಲ್ಲಿ ಬೇರೆ ಸದ್ದೇ ಇರುತ್ತಿರಲಿಲ್ಲ.

ಆ ಮನೆಗೆ ಜನ ಬರುತ್ತಿದ್ದದ್ದು ಒಂದೇ ಕಾರಣಕ್ಕೆ. ನಮ್ಮ ಕಡೆ ಮದುಮಗ ತುದಿಗೆ ನಿಂಬೆಹಣ್ಣು ಚುಚ್ಚಿದ ಬಾಕು ಹಿಡಿದು ಹಸೆಮಣೆಗೆ ಬರಬೇಕು. ಅಂಥ ಬಾಕು ತಾತನ ಕಾಲದಿಂದ ನಮ್ಮ ಮನೆಯಲ್ಲಿತ್ತು. ಸುತ್ತಿನ ಹಳ್ಳಿಯವರೆಲ್ಲ ಅದನ್ನೇ ಒಯ್ಯುತ್ತಿದ್ದರು. ಅಲಗಿನ ಉದ್ದಕ್ಕೂ ಒಂದು ಬಳ್ಳಿ, ಬಳ್ಳಿಯ ಕೊನೆಗೆ ಹಿಂದಕ್ಕೆ ತಿರುಗಿ ನೋಡುವ ಒಂದು ನವಿಲು ಕೊರೆದಿತ್ತು. ಮದುವೆಯಿಂದ ವಾಪಸು ಬರುವಾಗ ನಿಂಬೆರಸ ಇಳಿದು ಅಲಗಿನ ಮೇಲೆ ಕಪ್ಪು ನೀಲಿ ಕಲೆ ಕೂತಿರುತ್ತಿತ್ತು. ಅತ್ತೆ ಜರಡಿ ಹಿಡಿದ ಬೂದಿಯಿಂದ ಅದನ್ನು ಮೆಲ್ಲಗೆ ಉಜ್ಜಿ, ಒರೆಸಿ, ಬಿಸಿಲಿಗಿಟ್ಟು, ಆಮೇಲೆ ಹರಳೆಣ್ಣೆಗೆ ಚೂರು ಜೇನುಮೇಣ ಹಾಕಿ ಕಾಯಿಸಿ, ಹಳೆಯ ಸೀರೆಯ ತುಂಡಿನಲ್ಲಿ ಅದ್ದಿ ಹಚ್ಚುತ್ತಿದ್ದಳು. ಹಚ್ಚಿದ್ದು ಕಣ್ಣಿಗೆ ಕಾಣಬಾರದು, ಬೆರಳಿಗೆ ಮಾತ್ರ ತಿಳಿಯಬೇಕು, ಅಷ್ಟು ತೆಳುವಾಗಿ. ಕೊನೆಗೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬಳ್ಳಿಯ ಗೀರುಗಳಿಗೆ ತುಂಬಿ, ಮೇಲೆ ಉಳಿದದ್ದನ್ನು ಒರೆಸಿಬಿಟ್ಟರೆ ನವಿಲು ಎದ್ದು ಬರುತ್ತಿತ್ತು. ಚರ್ಮದ ಒರೆ ತೇವ ಹಿಡಿಯುತ್ತದೆಂದು ಬಾಕನ್ನು ಬಟ್ಟೆಯಲ್ಲೇ ಸುತ್ತಿಡುತ್ತಿದ್ದಳು.

ಇಷ್ಟೆಲ್ಲ ಮಾಡಿದವಳು ಅದನ್ನು ಮದುವೆಗೆ ಕೊಡುವ ಹಾಗಿರಲಿಲ್ಲ. ಅರಿಶಿನ ಕುಂಕುಮದ ತಟ್ಟೆಯಲ್ಲಿಟ್ಟು ಹೊಸಿಲಾಚೆ ನೀಡುವುದು ನನ್ನ ಕೆಲಸ. ಅಷ್ಟು ಹೊತ್ತು ಅವಳು ಒಳಕೋಣೆಯ ಬಾಗಿಲ ಹಿಂದೆ ಇರುತ್ತಿದ್ದಳು. ಮರಳಿಸಲು ಬಂದಾಗ ಮಾತ್ರ ಆ ಅಡ್ಡಿ ಇರಲಿಲ್ಲ. ಬಂದವರು ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಬಾಕನ್ನು ಅವಳ ಕೈಗೇ ಕೊಡುತ್ತಿದ್ದರು. ಆಗ ಅತ್ತೆ ಬೇರೆಯೇ ಹೆಂಗಸಾಗುತ್ತಿದ್ದಳು. "ಹೆಣ್ಣು ಎಂಗವಳೆ? ಸೀರೆ ಯಾವ ಬಣ್ಣ? ಬೀಗರು ಮುನಿಸ್ಕಂಡ್ರಂತಲ್ಲ, ನಿಜವಾ?" ಎಂದು ಕೇಳಿ ಕೇಳಿ, ನಡುನಡುವೆ ನಗುತ್ತ, ತಾನು ಹೋಗದ ಮದುವೆಯನ್ನು ಪೂರ್ತಿ ನೋಡಿಬಿಡುತ್ತಿದ್ದಳು. ಅವರು ಹೋದ ಮೇಲೂ ಎಣ್ಣೆ ಹಚ್ಚುತ್ತ ಅದನ್ನೇ ನನಗೆ ಮತ್ತೆ ಹೇಳುತ್ತಿದ್ದಳು.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಚಿಕ್ಕಪ್ಪನ ಮದುವೆ ನಿಶ್ಚಯವಾಯಿತು. ಅಪ್ಪನ ತಮ್ಮ, ಬೇಲೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಅರಸೀಕೆರೆಯ ಛತ್ರದಲ್ಲಿ ಮದುವೆ, ಅದಕ್ಕೆ ವಿಡಿಯೋ ಬೇರೆ. ಮದುವೆಗೆ ಮುಂಚೆ ಅವನು ಬಾಕನ್ನು ಒಯ್ದು, ಅರಸೀಕೆರೆಯಲ್ಲಿ ಬೈಕಿನ ಸಾಮಾನಿಗೆ ನಿಕ್ಕಲ್ ಹಾಕುವವರ ಹತ್ತಿರ ಕೊಟ್ಟು, ಕನ್ನಡಿಯಂತೆ ಹೊಳೆಯುವ ಹಾಗೆ ಮಾಡಿಸಿ ತಂದ. ಅವನ ಮುಖದಲ್ಲಿ ಎಂಥ ಸಂತೋಷ!

"ನೋಡಕ್ಕ, ಇನ್ಮ್ಯಾಕೆ ತುಕ್ಕು ಹಿಡಿಯಾಕಿಲ್ಲ. ಬೂದಿ ಬ್ಯಾಡ, ಎಣ್ಣೆ ಬ್ಯಾಡ. ಎಷ್ಟು ವರ್ಷ ಅಂತ ಕೈ ನೋಯಿಸ್ಕಂತೀಯ?"

ಅತ್ತೆ ಬಾಕನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಗೀರುಗಳಿದ್ದ ಜಾಗದಲ್ಲಿ ಹೆಬ್ಬೆರಳು ಓಡಾಡಿತು. ನಿಕ್ಕಲ್ ಹಿಡಿಯಲೆಂದು ಮೊದಲು ಅಲಗನ್ನು ಸಾಣೆಚಕ್ರಕ್ಕೆ ಕೊಟ್ಟು ಸವೆಸಿದ್ದರು. ಬಳ್ಳಿ ಹೋಗಿತ್ತು, ನವಿಲಿನದು ಕೊರಳಷ್ಟೇ ಉಳಿದಿತ್ತು.

"ಚೆನ್ನಾಗೈತೆ ಕಣಪ್ಪ," ಎಂದಳು. "ಮುಖ ಕಾಣ್ತೈತೆ."

ಒಲೆಯ ಪಕ್ಕ ಕಾಯಿಸಲು ತೆಗೆದಿಟ್ಟಿದ್ದ ಎಣ್ಣೆಯ ಬಟ್ಟಲನ್ನು ಎತ್ತಿ ಗೂಡಿನೊಳಗೆ ಇಟ್ಟಳು. ಚಿಕ್ಕಪ್ಪನಿಗೆ ಏನೂ ತಿಳಿಯಲಿಲ್ಲ. ಅವನು ಮಾಡಿದ್ದು ಅವಳ ಮೇಲಿನ ಅಕ್ಕರೆಯಿಂದಲೇ. ಇಂದಿಗೂ ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ.

ಮದುವೆಯ ನಂತರ ಬಾಕು ಬೇಲೂರಿನಲ್ಲೇ ಉಳಿಯಿತು. ಆರೈಕೆ ಬೇಡದ ವಸ್ತು ಎಲ್ಲಿದ್ದರೇನು? ಬೇಕಾದವರು ಅಂಗಡಿಗೆ ಹೋಗಿ ತರುತ್ತಿದ್ದರು, ಅಲ್ಲಿಗೇ ಕೊಟ್ಟು ಬರುತ್ತಿದ್ದರು. ಹುಲಿಕೆರೆಯ ಜಗಲಿಗೆ ಯಾರೂ ಬರಲಿಲ್ಲ. ಲಗ್ನದ ತಿಂಗಳುಗಳಲ್ಲಿ ಅತ್ತೆ ಕಾಫಿಪುಡಿ ಹೆಚ್ಚು ತರಿಸಿಟ್ಟುಕೊಂಡು ಕಾಯುವುದನ್ನು ನೋಡಿದ್ದೇನೆ. ಕೆಲವು ವರ್ಷಗಳಲ್ಲೇ ನಿಂಬೆರಸ ಕುಡಿದು ನಿಕ್ಕಲ್ ಹಪ್ಪಳದಂತೆ ಎದ್ದಿತು, ಕೆಳಗೆ ತುಕ್ಕು. ಅಷ್ಟರಲ್ಲಿ ಛತ್ರದವರೇ ಬಾಕು, ಪೇಟ, ಕುರ್ಚಿ ಎಲ್ಲವನ್ನೂ ಬಾಡಿಗೆಗೆ ಕೊಡತೊಡಗಿದ್ದರು. ಚಿಕ್ಕಪ್ಪ ಅದನ್ನು ಗುಜರಿಗೆ ಹಾಕಿದನೋ, ಎಲ್ಲಿಟ್ಟನೋ, ಯಾರೂ ಕೇಳಲಿಲ್ಲ. ಅತ್ತೆಯೂ ಕೇಳಲಿಲ್ಲ.

ನಾನು ಹಾಸನದ ಹಾಸ್ಟೆಲ್ ಸೇರಿದ ಮೇಲೆ ಅವಳು ಒಬ್ಬಳೇ ಆದಳು. ಕಣ್ಣು ಮಂದವಾದಾಗ ಚಿಕ್ಕಪ್ಪ ಅವಳನ್ನು ಬೇಲೂರಿಗೆ ಕರೆದೊಯ್ದ. ಒಳ್ಳೆಯ ಮನೆ, ಹೊತ್ತಿಗೆ ಸರಿಯಾಗಿ ಊಟ. ರಜೆಗೆ ಹೋದಾಗಲೆಲ್ಲ ಅವಳು ರಸ್ತೆಯ ಕಡೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು, ಮಾತು ಬಹಳ ಕಡಿಮೆಯಾಗಿತ್ತು. ಒಂದು ಸಂಜೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಮದುವೆ ದಿಬ್ಬಣ ಬಂತು. ವಾದ್ಯದ ಸದ್ದು ಕಿವಿಗೆ ಬಿದ್ದದ್ದೇ ಅತ್ತೆ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಹೋಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎದುರಿಗೆ ಬೀಳಬಾರದೆಂದು ಅವಳೇ ಮಾಡಿಕೊಂಡ ಅಭ್ಯಾಸ. ನಾನೂ ಹಿಂದೆಯೇ ಹೋದೆ. ದೀಪ ಹಾಕದ ಅಡುಗೆಮನೆಯಲ್ಲಿ ಕಪಾಟಿಗೆ ಒರಗಿ ನಿಂತಿದ್ದಳು. ಪಕ್ಕದಲ್ಲಿ ನಿಂತು ಅವಳ ಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ. ವಾದ್ಯ ಮನೆಯ ಮುಂದೆ ಬಂದು, ದಾಟಿ, ತಿರುವಿನಲ್ಲಿ ಸಣ್ಣದಾಗಿ, ದೂರವಾಗಿ ಕೇಳದೇಹೋಯಿತು.

"ಹೋದ್ರಾ ಪುಟ್ಟಿ?" ಎಂದಳು.

"ಇನ್ನೂ ಇಲ್ಲ ಅತ್ತೆ," ಎಂದೆ.

ಅವಳಿಗೆ ಕಣ್ಣು ಮಂದವಾಗಿತ್ತೇ ಹೊರತು ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. "ಹೂಂ," ಎಂದು ನನ್ನ ಬೆರಳುಗಳನ್ನು ಒತ್ತಿ ಹಿಡಿದುಕೊಂಡಳು. ಬಹಳ ಹೊತ್ತು ನಾವಿಬ್ಬರೂ ಆ ಕತ್ತಲಲ್ಲಿ ಹಾಗೆಯೇ ನಿಂತಿದ್ದೆವು.