ಕಾಗೆ ಮುಟ್ಟುವ ಮೊದಲು

ಮಂಜೇಶ್ವರದ ನಮ್ಮ ಮನೆಯಲ್ಲಿ ಅತ್ತೆ ಜಲಜಾಕ್ಷಿಯ ಮಾತಿಗೆ ಎದುರು ಮಾತಿಲ್ಲ. ಗಂಡ ಲೋಹಿತ್ ದುಬೈಯ ಹೋಟೆಲಿನಲ್ಲಿ ಜಪಾನಿ ಅಡುಗೆ ಮಾಡುವವರು. ಅವರು ಫೋನಿನಲ್ಲಿ ಕಲಿಸಿದ ಹಾಗೆ ನಾನು ಬೆಳ್ತಿಗೆ ಅಕ್ಕಿಯ ಬಿಳಿ ಅನ್ನವನ್ನು ಒದ್ದೆ ಕೈಯಲ್ಲಿ ಒತ್ತಿ ಉಂಡೆ ಕಟ್ಟಿದೆ. ಕರಿ ಎಳ್ಳು ಉದುರಿಸಿ ಬಾಳೆಲೆಯಲ್ಲಿ ಸಾಲಾಗಿ ಇಟ್ಟೆ.

ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು.

"ಎಂತದಿದು? ಮಗ ಬದುಕಿರುವಾಗಲೇ ಪಿಂಡ ಇಡುವುದಾ?"

"ನಿಮ್ಮ ಮಗನೇ ಹೇಳಿಕೊಟ್ಟದ್ದು ಅತ್ತೆ. ಜಪಾನಿನವರ ಬುತ್ತಿ."

"ಹೊರಗೆ ಬಿಸಾಡು!"

ನನಗೂ ರೇಗಿತು. ಎಲೆ ಎತ್ತಿಕೊಂಡು ಹಿತ್ತಲಿಗೆ ಇಳಿದೆ. ತೆಂಗಿನ ಮರದಿಂದ ಕಾಗೆ ಕೂಗಿತು.

"ಬೇಡ! ಕಾಗೆ ಮುಟ್ಟಿದರೆ ಅದು ಪಿಂಡವೇ!"

ಅತ್ತೆ ಓಡಿಬಂದು ಎಲೆ ಕಿತ್ತುಕೊಂಡರು. ಮೆಟ್ಟಿಲಲ್ಲೇ ಕುಳಿತು, ನನ್ನನ್ನು ಬೈಯುತ್ತ, ಅಳುತ್ತ, ಒಂದೊಂದೇ ಉಂಡೆ ತಿಂದು ಮುಗಿಸಿದರು. ಎಲೆಗೆ ಅಂಟಿದ ಎಳ್ಳನ್ನೂ ಬೆರಳಲ್ಲಿ ಒತ್ತಿ ತೆಗೆದು ಬಾಯಿಗಿಟ್ಟರು.