ಮೊಗ್ಗಿನ ಕಂಟಿಯ ಆಯಿ

ಆಯಿಯ ಬಲಗೈ ಹೆಬ್ಬೆರಳಿನ ಉಗುರು ಉಳಿದವಕ್ಕಿಂತ ಉದ್ದವಾಗಿತ್ತು, ಅಂಚು ಕಪ್ಪಾಗಿತ್ತು. ಮೊಗ್ಗಿನ ರಸ ಹತ್ತಿದ್ದು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಹಿರೇವಡ್ಡಟ್ಟಿಯಲ್ಲಿ ನನ್ನ ಗಂಡನ ಮನೆಯ ಹಿತ್ತಲಿಗೆ ಹೊಂದಿಕೊಂಡೇ ಆಕೆಯ ಹಿತ್ತಲು, ನಡುವೆ ಎದೆಮಟ್ಟದ ಕಲ್ಲಿನ ಗೋಡೆ. ರಕ್ತಸಂಬಂಧ ಏನೂ ಇರಲಿಲ್ಲ. ಓಣಿಗೆಲ್ಲ ಆಕೆ ಆಯಿ, ನನಗೂ ಆಯಿ.

ಮದುವೆಯಾದ ಎರಡನೇ ವರ್ಷ ನನ್ನ ಹೊಟ್ಟೆಯಲ್ಲಿದ್ದ ಕೂಸು ಆರು ತಿಂಗಳಿಗೇ ಹೋಯಿತು. ಆಮೇಲೆ ನನಗೆ ಊಟ ಸೇರಲಿಲ್ಲ. ಅತ್ತೆಯವರು ಬೈದರು, ಗಂಡ ಕೈಮುಗಿದ, ನಾನು ಬಾಯಿ ತೆರೆಯಲಿಲ್ಲ. ಒಂದು ಮಧ್ಯಾಹ್ನ ಆಯಿ ಗೋಡೆಯ ಮೇಲಿಂದ ಒಂದು ಬಟ್ಟಲು ಚಾಚಿದಳು. ಉಪ್ಪು ಹಾಕಿದ ಮಜ್ಜಿಗೆಯಲ್ಲಿ ಮೂರು ದಿನ ನೆನೆಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಹಸಿರು ಮೊಗ್ಗುಗಳು, ಕಡಲೆಕಾಳಿನಷ್ಟು. ಮೊದಲು ಹುಳಿ, ಆಮೇಲೆ ಕಹಿ, ಕೊನೆಗೆ ಸಾಸಿವೆಯಂಥ ಘಾಟು. ಅಂದು ಒಂದೂವರೆ ರೊಟ್ಟಿ ತಿಂದೆ. ತಿನ್ನುತ್ತಲೇ ಕಣ್ಣೀರು ಬಂತು, ಕೂಸು ಹೋದ ಮೇಲೆ ಅದೇ ಮೊದಲ ಸಲ. ಆಯಿ ಗೋಡೆಯಾಚೆ ನಿಂತೇ ಇದ್ದಳು.

ಮರುವರ್ಷ ಶಿವರಾತ್ರಿ ಕಳೆದ ಮೇಲೆ ನನ್ನನ್ನೂ ಕಪ್ಪತಗುಡ್ಡಕ್ಕೆ ಕರೆದೊಯ್ದಳು. ಹುಲ್ಲು ಸಹ ಒಣಗಿ ಹೋದ ಇಳಿಜಾರು. ಬಂಡೆಯ ಸೀಳಿನಿಂದ ಮುಳ್ಳು ತುಂಬಿದ ಒಂದು ಕಂಟಿ ಹೊರಚಾಚಿತ್ತು. ಅದರ ಬುಡದಲ್ಲಿ ಹಿಡಿ ಮಣ್ಣೂ ಇರಲಿಲ್ಲ. ಪುಸ್ತಕದಲ್ಲಿ ಅದಕ್ಕೆ ಏನು ಹೆಸರೋ, ಆಯಿ ‘ಮೊಗ್ಗಿನ ಕಂಟಿ’ ಎನ್ನುತ್ತಿದ್ದಳು. ಸಂಜೆ ಅರಳಿದ ಬಿಳಿ ಹೂವು ಮರುದಿನ ಬಿಸಿಲೇರುವುದರೊಳಗೆ ಬಾಡುತ್ತಿತ್ತು. ಆಯಿ ಉಗುರಿನಿಂದ ಒಂದೊಂದೇ ಮೊಗ್ಗು ಚಿವುಟುವಳು, ಟೊಂಗೆಯ ತುದಿಯದೊಂದನ್ನು ಮಾತ್ರ ಮುಟ್ಟಳು. ನಾನು ಗೊತ್ತಿಲ್ಲದೆ ತುದಿಗೆ ಕೈಹಾಕಿದ್ದಕ್ಕೆ ಫಟ್ಟನೆ ಏಟು ಬಿತ್ತು.

“ತುದೀದು ಕಂಟೀದು. ಅದರ ಪಾಲು ಅದಕ್ಕ ಬಿಡಬೇಕು.”

ಮೊದಲು ಅಲ್ಲಿ ಅಂಥವು ಬೇಕಾದಷ್ಟು ಇದ್ದವಂತೆ. ಗಾಳಿಯಂತ್ರಗಳಿಗೆ ದಾರಿ ಕಡಿದಾಗ ಅರ್ಧ ಇಳಿಜಾರೇ ಹೋಯಿತು. ಕಡೆಗೆ ಆಯಿಗೆ ಗೊತ್ತಿದ್ದದ್ದು ಅದೊಂದೇ. ಅಷ್ಟರಲ್ಲಿ ಆಕೆಯ ಮೊಣಕಾಲೂ ಸೋತವು. ಕಟ್ಟೆಯ ಮೇಲೆ ಕುಳಿತು ಗುಡ್ಡದ ಕಡೆಗೇ ನೋಡುತ್ತಿದ್ದಳು.

ಇಲ್ಲಿಂದ ನನ್ನ ಶಾಣ್ಯಾತನ ಶುರು. ನಾನು ಯಳವತ್ತಿಯ ಎರೆಹೊಲದ ಮಗಳು. ಆ ಕಪ್ಪು ಎರೆಮಣ್ಣಿನಲ್ಲಿ ಬೆಳೆಯದ್ದು ಜಗತ್ತಿನಲ್ಲೇ ಇಲ್ಲ ಎಂಬ ಸೊಕ್ಕು ನಮಗೆ ಹುಟ್ಟಿನಿಂದ ಬಂದದ್ದು. ಆಯಿಗೆ ನಡೆಯಲಾಗದಿದ್ದರೆ ಕಂಟಿಯನ್ನೇ ಆಕೆಯ ಹಿತ್ತಲಿಗೆ ತಂದರಾಯಿತು ಅಂದುಕೊಂಡೆ. ಆಕೆ ಸೊರಟೂರಿನ ಮಗಳ ಮನೆಗೆ ಹದಿನೈದು ದಿನ ಹೋದದ್ದೇ ಸಮಯವಾಯಿತು. ಗಂಡನ ಕೈಗೆ ಹಾರೆ ಕೊಟ್ಟು ಕಂಟಿ ಕೀಳಿಸಿದೆ. ಬೇರು ಬಂಡೆಯೊಳಗೆ ಎಷ್ಟು ಆಳಕ್ಕೆ ಹೋಗಿತ್ತೋ, ಅರ್ಧ ಅಲ್ಲೇ ಹರಿದು ಉಳಿಯಿತು. ತವರಿನ ಹೊಲದಿಂದ ಟೆಂಪೋದಲ್ಲಿ ಎರಡು ಚೀಲ ಎರೆಮಣ್ಣು ತರಿಸಿದೆ, ಆಕೆಯ ಹಿತ್ತಲಲ್ಲಿ ನೆಟ್ಟು ಗೊಬ್ಬರ ಹಾಕಿದೆ, ಮುಂಜಾನೆ ಸಂಜೆ ನೀರೆರೆದೆ. ಎಲೆ ಹಳದಿಯಾದಷ್ಟೂ ನೀರು ಹೆಚ್ಚು ಮಾಡಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಆಯಿ ಬಂದಳು, ನೋಡಿದಳು, ಕಂಟಿಯ ಪಕ್ಕದಲ್ಲಿ ಕುಸಿದು ಕುಳಿತಳು. ಆ ಕಪ್ಪು ಉಗುರಿನಿಂದ ಬುಡದ ತೊಗಟೆ ಕೆರೆದಳು. ಒಳಗೆ ಹಸಿರಿರಲಿಲ್ಲ. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

“ಅದು ಉಪವಾಸದ ಮ್ಯಾಲ ಬದುಕಿತ್ತು, ಮಗಳ. ನೀ ಹಬ್ಬದೂಟ ಹಾಕೀದಿ.”

ಬೈದಿದ್ದರೆ ಎಷ್ಟೋ ಚಲೋ ಇತ್ತು.

ಮಳೆಗಾಲ ಮುಗಿದು ಚಳಿ ಬೀಳುವಾಗ ಆಯಿ ಹಾಸಿಗೆ ಹಿಡಿದಳು. ಬಾಯಿಗೆ ಏನೂ ಸೇರದು. ಮಗಳು ಬಂದು ಗಂಜಿ ಮಾಡಿದಳು, ನಾನು ಲಿಂಬೆಕಾಯಿ ಉಪ್ಪಿನಕಾಯಿ ಒಯ್ದೆ. ನಾಲಿಗೆಗೆ ಹಚ್ಚಿಕೊಂಡು ತಲೆಯಾಡಿಸಿದಳು.

“ಉಪ್ಪಿನಾಗ ಇಟ್ಟ ನಾಕ ಮೊಗ್ಗ ಇದ್ದಿದ್ರ ಒಂದ ತುತ್ತ ಉಣ್ಣತಿದ್ದೆ ನೋಡು,” ಅಂದಳು. ನನ್ನ ಮುಖ ಕಂಡು ಆಡಿದ ಮಾತಿಗೆ ತಾನೇ ನೊಂದಳೋ ಏನೋ, ನನ್ನ ಕೈ ಹಿಡಿದುಕೊಂಡಳು. ಹಿಡಿದುಕೊಂಡೇ ಕೇಳಿದಳು: “ಗುಡ್ಡದಾಗಿನ ಕುಣಿ ಮುಚ್ಚೀಯೇನು?”

ಕಂಟಿ ಕಿತ್ತ ಗುಂಡಿಯನ್ನು ನಾನು ಮುಚ್ಚಿರಲಿಲ್ಲ.

“ಕಲ್ಲ ತುಂಬು. ಬೇರ ಒಳಗ ಜೀವ ಹಿಡಕೊಂಡಿದ್ರ ಇರಬಹುದು. ಮಣ್ಣ ಹಾಕಬ್ಯಾಡ ಮತ್ತ.”

ಮೂರನೇ ದಿನ ಹೋಗಿಬಿಟ್ಟಳು, ಬರೀ ಹೊಟ್ಟೆಯಲ್ಲಿ. ನಾನು ಉಣ್ಣದೆ ಕುಳಿತಾಗ ಬಟ್ಟಲು ಚಾಚಿದವಳು ಆಕೆ. ಆಕೆ ಉಣ್ಣದೆ ಮಲಗಿದಾಗ ನನ್ನ ಕೈ ಬರಿದಾಗಿತ್ತು, ಬರಿದು ಮಾಡಿಕೊಂಡವಳೂ ನಾನೇ.

ಕುಣಿಗೆ ಕಲ್ಲು ತುಂಬಿ ಬಂದೆ. ಪ್ರತಿವರ್ಷ ಶಿವರಾತ್ರಿ ಕಳೆದ ಮೇಲೆ ಹೋಗಿ ನೋಡುತ್ತೇನೆ. ಈ ವರ್ಷವೂ ಹೋಗಿದ್ದೆ, ಕಲ್ಲಷ್ಟೇ ಇದ್ದವು. ಆದರೂ ಬಲಗೈ ಹೆಬ್ಬೆರಳಿನ ಉಗುರು ನಾನು ತೆಗೆದಿಲ್ಲ.